ಮಂಡಿ ಕೆಲಸ, ಇನ್ಸುಲಿನ್, ಎದೆ ಡವಡವ: ನನ್ನ ಅನುಭವ

ಇನ್ಸುಲಿನ್ ಹಾರ್ಟ್ ತಿಂದುಹಾಕುತ್ತೆ ಅಂತ ಕೋಲಾರದ ಟೊಮೆಟೊ ಮಂಡಿಯಲ್ಲಿ ನನಗೆ ಹೇಳದವರಿಲ್ಲ. ಈಗ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆ (HbA1c) 9.5ರಿಂದ 7ರ ಹತ್ತಿರ ಬಂದಿದೆ. ರಕ್ತದ ಕೊಬ್ಬು, ಅಂದ್ರೆ ಟ್ರೈಗ್ಲಿಸರೈಡ್, 400 ಚಿಲ್ಲರೆ ಇದ್ದದ್ದು 200ರ ಕೆಳಗಿದೆ. ಹೇಳಿದವರೇ ಈಗ ಡಾಕ್ಟರ ಹೆಸರು ಕೇಳುತ್ತಾರೆ!

ಮೊದಲು ನಾನಿದ್ದದ್ದು ಎರಡು ಹೊತ್ತಿನ 30/70ರಲ್ಲಿ, ಅಂದ್ರೆ ಬೇಗ ಕೆಲಸ ಮಾಡೋದು, ನಿಧಾನಕ್ಕೆ ಕೆಲಸ ಮಾಡೋದು ಎರಡೂ ಬೆರೆಸಿದ ಇನ್ಸುಲಿನ್. ಚುಚ್ಚಿಕೊಂಡು ಅರ್ಧ ಗಂಟೆಗೆ ಹೊಟ್ಟೆಗೆ ಬೀಳಲೇಬೇಕು. ಹರಾಜು ನಡೆಯುವಾಗ ತಿಂಡಿಗೆ ಯಾರು ಬಿಡ್ತಾರೆ? ಹನ್ನೊಂದರ ಹೊತ್ತಿಗೆ ಎದೆ ಡವಡವ, ಬೆವರು, ಕೈ ನಡುಕ. ಇಸಿಜಿ, ಎಕೋ, ಟ್ರೆಡ್‌ಮಿಲ್ ಅಂತ ಆರೇಳು ಸಾವಿರ ಹೋಯಿತು. ಎಲ್ಲ ನಾರ್ಮಲ್. ಕೊನೆಗೆ ಕ್ರೇಟುಗಳ ಮಧ್ಯೆ ಕೂತು ಬೆರಳು ಚುಚ್ಚಿ ನೋಡಿದರೆ 56! ಸಕ್ಕರೆ ಕುಸಿದಾಗ ಮೈ ಅಡ್ರಿನಲಿನ್ ಬಿಡುತ್ತೆ, ಎದೆ ಓಡುತ್ತೆ. ಮೂರು ಚಮಚ ಗ್ಲೂಕೋಸ್ ಪುಡಿ, ಕಾಲು ಗಂಟೆಯಲ್ಲಿ ಸರಿಹೋಯಿತು. 20 ರೂಪಾಯಿಯ ಸ್ಟ್ರಿಪ್ ಕೆಲಸ ಮಾಡಿತ್ತು. ಹಾಗಂತ ಎದೆ ಹಿಂಡಿದ ಹಾಗೆ ನೋವು ಬಂದರೆ ಸ್ಟ್ರಿಪ್ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಲೋ ಆಗುತ್ತೆ ಅಂತ ತಿನ್ನೋದು, ತಿಂದಿದ್ದಕ್ಕೆ ಡೋಸ್ ಏರೋದು. ಹೀಗೇ ಐದಾರು ಕಿಲೋ ತೂಕ ಏರಿತ್ತು. ಹಾರ್ಟಿಗೆ ಭಾರ ಇದೇ ಅಲ್ವಾ?

ರೀಡಿಂಗ್ ಬರೆದ ಪುಸ್ತಕ ನೋಡಿ ಡಾಕ್ಟರು ರಾತ್ರಿ ಒಂದೇ ಸಲ ಚುಚ್ಚಿಕೊಳ್ಳುವ, ಇಡೀ ದಿನ ನಿಧಾನಕ್ಕೆ ಕೆಲಸ ಮಾಡುವ ಗ್ಲಾರ್ಜಿನ್ ಇನ್ಸುಲಿನ್ ಕೊಟ್ಟರು, ಜೊತೆಗೆ ಎಂಪಾಗ್ಲಿಫ್ಲೋಜಿನ್ ಅನ್ನೋ ಸಕ್ಕರೆ ಕಾಯಿಲೆಯ ಮಾತ್ರೆ. ಗ್ಲಾರ್ಜಿನ್ ದುಬಾರಿಯೇ. ಆದರೆ 2025ರಲ್ಲಿ ಪೇಟೆಂಟ್ ಮುಗಿದ ಮೇಲೆ ಆ ಮಾತ್ರೆ 60 ರೂಪಾಯಿಯಿಂದ 10ರ ಆಸುಪಾಸಿಗೆ ಇಳಿದಿದೆ, ಲೆಕ್ಕ ಸರಿಹೋಯಿತು. ಇನ್ನು ಹೆದರಿಸುವವರಿಗೆ ಹೇಳೋದಿಷ್ಟು: ಒರಿಜಿನ್ ಅನ್ನೋ ಅಧ್ಯಯನದಲ್ಲಿ 12,500ಕ್ಕೂ ಜಾಸ್ತಿ ಜನರನ್ನು ಆರು ವರ್ಷ ನೋಡಿದರು, ಅರ್ಧದಷ್ಟು ಜನ ಗ್ಲಾರ್ಜಿನ್ ಮೇಲೆ. 2012ರಲ್ಲಿ ಫಲಿತಾಂಶ ಬಂತು: ಹಾರ್ಟ್ ಅಟ್ಯಾಕ್ ಹೆಚ್ಚಲಿಲ್ಲ. ಕಡಿಮೆಯೂ ಆಗಲಿಲ್ಲ, ಅದನ್ನೂ ಹೇಳಬೇಕು.

ಹೊಟ್ಟೆಯ ಮೇಲೆ ಒಂದೇ ಜಾಗದಲ್ಲಿ ಚುಚ್ಚಿ ಗಂಟಾಗಿತ್ತು, ಮುಟ್ಟಿದರೆ ರಬ್ಬರ್ ಹಾಗೆ. ಅಲ್ಲಿಂದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಹೋಗಲ್ಲ. ತೊಡೆಗೆ ಬದಲಿಸಿದ ವಾರದಲ್ಲೇ ಬೆಳಗಿನ ಸಕ್ಕರೆ ಇಳಿಯಿತು. ಜಾಗ ಬದಲಿಸುವಾಗ ಡಾಕ್ಟರಿಗೆ ಹೇಳಿ, ಲೋ ಆಗಬಹುದು. ನನ್ನ ಡೋಸ್ 50 ಚಿಲ್ಲರೆ ಯುನಿಟ್ಟಿನಿಂದ 30ಕ್ಕೆ ಬಂದಿದೆ.

ಸುಮ್ನೆ ಮುದ್ದೆಯನ್ನೂ ಅಳೆದು ನೋಡಿದೆ. ರಾಗಿ ಅಂತ ಎರಡು ಮುದ್ದೆ ನುಂಗಿದರೆ ಅನ್ನದಷ್ಟೇ ಏರುತ್ತೆ. ಅರ್ಧ ಮುದ್ದೆಗೆ ಹುರುಳಿಕಾಳಿನ ಸಾರು ಜಾಸ್ತಿ ಹಾಕಿಕೊಂಡರೆ ಎರಡು ಗಂಟೆಯ ರೀಡಿಂಗ್ 40ರಷ್ಟು ಕಡಿಮೆ. ಯುಗಾದಿಯ ಒಬ್ಬಟ್ಟು ಹೇಗೆ ಸಂಭಾಳಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಬೇಕಾದವರು ಮಂಡಿಗೆ ಬನ್ನಿ.