ನಾನು ಎಚ್‌ಆರ್ ಕೆಲಸ ಕಲಿತದ್ದು ಹಾಜರಿ ಕಿಟಕಿಯಲ್ಲಿ

2014ರಲ್ಲಿ ಬಿ.ಕಾಂ. ಮುಗಿಸಿ ತಿಪಟೂರಿನ ಮನೆಯಲ್ಲಿ ಕೂತಿದ್ದಾಗ ನನ್ನ ಮುಂದೆ ಎರಡು ಕೆಲಸ ಇದ್ದವು. ಒಂದು ಬೆಂಗಳೂರಿನ ರಿಕ್ರೂಟ್‌ಮೆಂಟ್ ಕನ್ಸಲ್ಟೆನ್ಸಿಯಲ್ಲಿ. ಸಂಬಳ 12,000, ಹುದ್ದೆಯ ಹೆಸರು ಎಚ್‌ಆರ್ ಎಕ್ಸಿಕ್ಯೂಟಿವ್. ಇನ್ನೊಂದು ಪೀಣ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ. ಸಂಬಳ 8,500, ಹುದ್ದೆ ಟೈಮ್ ಆಫೀಸ್ ಅಸಿಸ್ಟೆಂಟ್, ಅಂದರೆ ಕಾರ್ಮಿಕರ ಹಾಜರಿ ನೋಡಿಕೊಳ್ಳುವ ಕೆಲಸ. ನನಗೆ ಎಚ್‌ಆರ್‌ಗೇ, ಅಂದರೆ ಕಂಪನಿಯ ಸಿಬ್ಬಂದಿ ವಿಭಾಗಕ್ಕೇ, ಹೋಗಬೇಕಿತ್ತು. ಹಾಗಿದ್ದಮೇಲೆ ಯೋಚನೆ ಮಾಡೋಕೆ ಏನಿದೆ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು.

ಅಪ್ಪ ಅಂತೂ ನೇರವಾಗಿ ಹೇಳಿದರು: "ಬಿ.ಕಾಂ. ಓದಿ ಹಾಜರಿ ಬರೆಯೋಕೆ ಹೋಗ್ತೀಯೇನಮ್ಮಾ?"

ಬೇರೆ ಮಾತು ಆಡಿದವರು ಸೋದರಮಾವ ಒಬ್ಬರೇ. ಅವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಕನ್ಸಲ್ಟೆನ್ಸಿಯಲ್ಲಿ ನಿನ್ನ ಮುಂದೆ ಯಾರು ಬರ್ತಾರೆ ಪುಟ್ಟಿ? ಬರೀ ಫೋನು. ನಮಗೆ ಸಂಬಳದಲ್ಲಿ ಹತ್ತು ರೂಪಾಯಿ ಆಚೀಚೆ ಆದ್ರೂ ಮೊದಲು ಹೋಗಿ ನಿಲ್ತಿದ್ದದ್ದು ಟೈಮ್ ಆಫೀಸ್ ಮುಂದೆ. ಪರ್ಸನೆಲ್ ಡಿಪಾರ್ಟ್‌ಮೆಂಟ್ (ಈಗಿನ ಎಚ್‌ಆರ್) ಸಾಹೇಬರ ಹತ್ರ ಹೋಗ್ತಿದ್ದದ್ದು ಅಲ್ಲಿ ಬಗೆಹರೀದೆ ಇದ್ರೆ ಮಾತ್ರ" ಅಂದರು. ಮಾತು ಸರಿ ಅನ್ನಿಸಿತು. ಅದಕ್ಕಿಂತ ದೊಡ್ಡ ಯೋಚನೆಯೇನೂ ನಾನು ಮಾಡಲಿಲ್ಲ. ನನ್ನ ಕ್ಲಾಸ್‌ಮೇಟ್ ಒಬ್ಬಳು ಅದೇ ಕನ್ಸಲ್ಟೆನ್ಸಿ ಸೇರಿದಳು, ನಾನು ಜುಲೈನಲ್ಲಿ ದಾಸರಹಳ್ಳಿಯ ಪಿಜಿಯೊಂದಕ್ಕೆ ಬ್ಯಾಗು ಹೊತ್ತು ಬಂದೆ.

ಟೈಮ್ ಆಫೀಸ್ ಅಂದರೆ ಗೇಟಿನ ಪಕ್ಕ ಒಂದು ಸಣ್ಣ ರೂಮು. ಎದೆಮಟ್ಟಕ್ಕೆ ಒಂದು ಕಿಟಕಿ, ಅದರಾಚೆ ಬೆರಳಿಟ್ಟು ಹಾಜರಿ ಹಾಕುವ ಪಂಚಿಂಗ್ ಮೆಷಿನ್. ಬೆಳಿಗ್ಗೆ ಒಂಬತ್ತಕ್ಕೆ ಮುಂಚಿನ ಇಪ್ಪತ್ತು ನಿಮಿಷದಲ್ಲಿ ಆರುನೂರು ಜನ ಒಳಗೆ ಹೋಗಬೇಕು. ದಿನವೆಲ್ಲಾ ಹತ್ತಿಯ ಧೂಳು ಸೇರಿ ಬೆವರಿದ ಬೆರಳನ್ನು ಮೆಷಿನ್ ಹಿಡಿಯುತ್ತಿರಲಿಲ್ಲ. ಹಿಡಿಯದಿದ್ದರೆ ಮಿಸ್ ಪಂಚ್. ಮಿಸ್ ಪಂಚ್ ಆದರೆ ಚೀಟಿ ಬರೆದು, ಸೂಪರ್‌ವೈಸರ್ ಸಹಿ ಹಾಕಿಸಿ ನನ್ನ ಕಿಟಕಿಗೆ ಕೊಡಬೇಕು. ನಾನು ಅದನ್ನು ನೋಡಿ ಹಾಜರಿ ಹಾಕಬೇಕು. ಮೊದಲ ತಿಂಗಳು ನನ್ನ ಕೆಲಸ ಇಷ್ಟೇ. ಅಪ್ಪ ಹೇಳಿದ್ದೇ ಸರಿಯೇನೋ ಅಂತ ರಾತ್ರಿ ಅನ್ನಿಸುತ್ತಿತ್ತು.

ಸಂಬಳದ ಚೀಟಿ ಕೊಡುವ ದಿನ ಬಂದಾಗ ಮಾವನ ಮಾತಿನ ಅರ್ಥ ಗೊತ್ತಾಯಿತು. ಕಿಟಕಿ ಮುಂದೆ ಸಾಲು. "ಮೇಡಂ, ಇದೇನು 149 ಹಿಡಿದಿದ್ದೀರಾ?" ನನಗೂ ಗೊತ್ತಿಲ್ಲ! ನನ್ನ ಚೀಟಿಯಲ್ಲೂ ಅಷ್ಟೇ ಹಿಡಿದಿದ್ದರು. ಅವತ್ತು ಸಂಜೆ ಪೇರೋಲ್ (ಸಂಬಳದ ಲೆಕ್ಕ) ನೋಡುತ್ತಿದ್ದ ಹಿರಿಯರ ಪಕ್ಕ ಕೂತು ಲೆಕ್ಕ ಬಿಡಿಸಿಕೊಂಡೆ. ಆಗ ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆ) ನಮ್ಮ ಪಾಲು 1.75%. 8,500ಕ್ಕೆ 148 ರೂಪಾಯಿ 75 ಪೈಸೆ, ಪೈಸೆ ಬಂದರೆ ಮುಂದಿನ ರೂಪಾಯಿಗೆ ಏರಿಸಬೇಕು, ಹಾಗಾಗಿ 149. ಬೇಸಿಕ್ 6,500ಕ್ಕೆ 12% ಪಿಎಫ್ (ಭವಿಷ್ಯ ನಿಧಿ) ಅಂದರೆ 780. (2019ರ ಜುಲೈನಿಂದ ಇಎಸ್‌ಐಗೆ ಕಾರ್ಮಿಕರ ಪಾಲು 0.75% ಆಯಿತು, ಆ ಹಳೆ ಲೆಕ್ಕ ಈಗ ಹಾಕಬೇಡಿ.) ಮುಂದಿನ ತಿಂಗಳು ಕಿಟಕಿಯಲ್ಲಿ ಕೂತು ನಾನೇ ನಲವತ್ತು ಸಲ ಈ ಲೆಕ್ಕ ಹೇಳಿದೆ. ನಲವತ್ತು ಸಲ ಹೇಳಿದ್ದು ಮರೆಯೋದು ಹೇಗೆ?

ಈಗ ನಾನು ಮಾಡಿದ ತಪ್ಪಿನ ವಿಷಯ. 2015ರ ಫೆಬ್ರವರಿಯಲ್ಲಿ ಒಬ್ಬ ಟೈಲರ್‌ಗೆ ಟೈಫಾಯ್ಡ್ ಆಗಿ ಮೂರು ವಾರ ಮಲಗಿದರು. ನನಗಿಂತ ಹದಿನೈದು ವರ್ಷ ದೊಡ್ಡವರು, ನಾನು ಅಕ್ಕ ಅಂತಿದ್ದೆ. ಕಾಯಿಲೆಯ ರಜೆಗೆ ಇಎಸ್‌ಐನಿಂದ ದಿನಗೂಲಿಯ 70% ಬರಬೇಕು. ಬರಲಿಲ್ಲ. ಜನವರಿಯಿಂದ ಜೂನ್‌ವರೆಗಿನ ಕಾಯಿಲೆಗೆ ದುಡ್ಡು ಸಿಗಬೇಕಾದರೆ ಹಿಂದಿನ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಆ ಅಕ್ಕ ತಾಯಿಗೆ ಹುಷಾರಿಲ್ಲ ಅಂತ ಆ ವರ್ಷ ಊರಲ್ಲಿ ಎರಡೂವರೆ ತಿಂಗಳು ಇದ್ದರು. ಅವರ ದಿನಗಳು 77.

ಒಂದೇ ಒಂದು ದಿನ ಕಮ್ಮಿ. ನಾನು ರಿಜಿಸ್ಟರ್ ತೆಗೆದು ಹಿಂದಕ್ಕೆ ಹೋದೆ. ಆಗಸ್ಟ್‌ನಲ್ಲಿ ಒಂದು ಮಿಸ್ ಪಂಚ್ ಇತ್ತು. ಚೀಟಿಯನ್ನೂ ಕೊಟ್ಟಿದ್ದರು. ಸೂಪರ್‌ವೈಸರ್ ಸಹಿ ಇಲ್ಲ ಅಂತ ನಾನೇ ವಾಪಸ್ ಕೊಟ್ಟಿದ್ದೆ. ಆ ಸೂಪರ್‌ವೈಸರ್ ಅವತ್ತು ರಜೆಯಲ್ಲಿದ್ದ. ಆಕೆ ಮತ್ತೆ ಬರಲಿಲ್ಲ, ನಾನೂ ಕೇಳಲಿಲ್ಲ. ಒಂದು ದಿನದ ಕೂಲಿ ತಾನೇ ಅಂತ ಆಕೆ ಸುಮ್ನಾಗಿರಬೇಕು.

ಮ್ಯಾನೇಜರ್ ಬೈಯುತ್ತಾರೆ ಅಂದುಕೊಂಡೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ. "ಆ ದಿನ ಆಕೆ ಕೆಲಸ ಮಾಡಿದ್ದಕ್ಕೆ ಲೈನ್‌ನಲ್ಲಿ ಏನಾದ್ರೂ ದಾಖಲೆ ಇದೆಯಾ ನೋಡು" ಅಂದರು. ಪ್ರೊಡಕ್ಷನ್ ಶೀಟಿನಲ್ಲಿ ಆಕೆಯ ಹೆಸರಿನ ಮುಂದೆ ಅವತ್ತಿನ ಕಾಲರ್ ಲೆಕ್ಕ ಇತ್ತು. ಅದನ್ನಿಟ್ಟುಕೊಂಡು ಹಾಜರಿ ತಿದ್ದಿಸಿ, ಆ ದಿನದ ಕೂಲಿ ಕೊಟ್ಟು, ಬಾಕಿ ವಂತಿಗೆ ಕಟ್ಟಿ, ಪತ್ರ ಬರೆದು ನಾನೇ ಇಎಸ್‌ಐ ಆಫೀಸಿಗೆ ಎರಡು ಸಲ ಓಡಾಡಿದೆ. ದುಡ್ಡು ಏಪ್ರಿಲ್‌ನಲ್ಲಿ ಬಂತು. ಅಷ್ಟರಲ್ಲಿ ಆ ಅಕ್ಕ ಕಿವಿಯ ಓಲೆ ಅಡ ಇಟ್ಟಾಗಿತ್ತು. ಆಮೇಲೆ ಸಹಿ ಇಲ್ಲದ ಚೀಟಿ ಬಂದರೆ ವಾಪಸ್ ಕೊಡೋದು ಬಿಟ್ಟೆ. ನಾನೇ ತಗೊಂಡು ಲೈನ್‌ಗೆ ಹೋಗುತ್ತಿದ್ದೆ.

ಮರುವರ್ಷ ಇನ್ನೊಂದು. 2016ರ ಫೆಬ್ರವರಿಯಲ್ಲಿ ಪಿಎಫ್‌ನ ಹೊಸ ನಿಯಮ ಬಂತು: ನಮ್ಮ ಖಾತೆಗೆ ಮಾಲೀಕರು ಕಟ್ಟುವ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ. ನಮಗೆ ಅದು ಒಂದು ಸರ್ಕ್ಯುಲರ್ ಅಷ್ಟೇ. ಇಂಗ್ಲಿಷ್ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ನನ್ನ ಕೆಲಸ ಮುಗೀತು ಅಂದುಕೊಂಡೆ. ಆದರೆ ಕಿಟಕಿಗೆ ಬರುತ್ತಿದ್ದ ಹೆಂಗಸರಿಗೆ ಪಿಎಫ್ ಅಂದರೆ ಮುಪ್ಪಿನ ದುಡ್ಡಲ್ಲ. ಮಗಳ ಮದುವೆ, ಕಾಲೇಜು ಫೀಸು, ಮನೆಯ ಭೋಗ್ಯದ ಹಣ. ನಾಲ್ಕೈದು ವರ್ಷ ದುಡಿದು, ಕೆಲಸ ಬಿಟ್ಟು, ಪಿಎಫ್ ತೆಗೆದು, ಪಕ್ಕದ ಫ್ಯಾಕ್ಟರಿ ಸೇರುವವರು ಎಷ್ಟೋ ಜನ. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಧರಣಿ ಕೂತರು. 19ಕ್ಕೆ ನಮ್ಮ ಕಡೆ ಜಾಲಹಳ್ಳಿ ಕ್ರಾಸಿನಲ್ಲೂ ತುಮಕೂರು ರಸ್ತೆ ಬಂದ್. ನಮ್ಮ ಫ್ಯಾಕ್ಟರಿಯೂ ಖಾಲಿ. ಬಸ್ಸಿಗೆ ಬೆಂಕಿ, ಲಾಠಿ ಏಟು, ಎಲ್ಲಾ ಆಯಿತು. ಅವತ್ತೇ ಸಂಜೆ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು.

ಮಾರನೇ ದಿನ ಕಿಟಕಿಗೆ ಬಂದವರೊಬ್ಬರು ಬೋರ್ಡಿನ ಕಡೆ ಕೈ ತೋರಿಸಿ ಕೇಳಿದರು: "ಮೇಡಂ, ಇದನ್ನ ಎರಡು ತಿಂಗಳಿಂದ ನೋಡ್ತಾನೇ ಇದ್ವಿ. ಕನ್ನಡದಲ್ಲಿ ಬರೆದಿದ್ರೆ ಅವತ್ತೇ ನಿಮ್ಮನ್ನ ಕೇಳ್ತಿರಲಿಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದೆಲ್ಲ ಓದಿ, ಎಚ್‌ಆರ್‌ಗೆ ಹೋಗಲು ಟೈಮ್ ಆಫೀಸ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂದುಕೊಳ್ಳಬೇಡಿ. ನನ್ನ ಕ್ಲಾಸ್‌ಮೇಟ್ ಕನ್ಸಲ್ಟೆನ್ಸಿಯಿಂದ ಐಟಿ ಕಂಪನಿಯ ರಿಕ್ರೂಟರ್ ಆಗಿ ನನಗಿಂತ ಜಾಸ್ತಿ ದುಡಿದಳು. ಜನರ ಜೊತೆ ಮಾತಾಡುವ ಚಾಲಾಕಿತನ ಅವಳಿಗಿರುವಷ್ಟು ನನಗಿಲ್ಲ. ಆದರೆ 2020ರ ಲಾಕ್‌ಡೌನ್‌ನಲ್ಲಿ ಹೊಸ ನೇಮಕ ನಿಂತಾಗ ಅವಳ ಕೆಲಸವೂ ನಿಂತಿತು. ನನ್ನ ಕೆಲಸ ಆಗ ದುಪ್ಪಟ್ಟಾಯಿತು. ಯಾರಿಗೆ ಎಷ್ಟು ದಿನದ ಸಂಬಳ, ಯಾರು ಊರಿಗೆ ಹೋದರು, ಯಾರ ಪಿಎಫ್ ಅಡ್ವಾನ್ಸ್ ಆಧಾರ್ ಹೆಸರಿನ ಒಂದು ಇನಿಷಿಯಲ್‌ಗೆ ಸಿಕ್ಕಿಹಾಕಿಕೊಂಡಿದೆ, ಇದೇ ದಿನವಿಡೀ. ಪೇರೋಲ್ ಮಾಡಿಕೊಡುವ ಸಣ್ಣ ಸಂಸ್ಥೆಗಳೂ ಒಳ್ಳೆ ಶುರುವೇ. ಟ್ರೈನಿಂಗ್ ಕೋಆರ್ಡಿನೇಟರ್ ಕೆಲಸ ನನಗೆ ಅಷ್ಟು ಹಿಡಿಸುವುದಿಲ್ಲ, ಅಲ್ಲಿ ಊಟದ ಲೆಕ್ಕ ಮತ್ತು ಹಾಜರಿ ಶೀಟು ಬಿಟ್ಟು ಬೇರೇನೂ ಕೈಗೆ ಬರಲ್ಲ.

ಎಚ್‌ಆರ್ ಎಕ್ಸಿಕ್ಯೂಟಿವ್ ಅಂತ ಕರೆದು ಇನ್ಶೂರೆನ್ಸ್ ಮಾರಿಸುವವರು, ಸೇರೋಕೆ ಮುಂಚೆ ರಿಜಿಸ್ಟ್ರೇಷನ್ ಫೀಸು ಕೇಳುವವರು ಇದ್ದಾರೆ, ಅತ್ತ ತಲೆ ಹಾಕಬೇಡಿ. ಉಳಿದ ಕಡೆ ಇಂಟರ್‌ವ್ಯೂನಲ್ಲಿ ನೀವೇ ಒಂದು ಮಾತು ಕೇಳಿ: "ಇಲ್ಲಿ ಸಂಬಳದಲ್ಲಿ ತಪ್ಪಾದರೆ ಜನ ಮೊದಲು ಯಾರ ಹತ್ತಿರ ಬರ್ತಾರೆ?" ಉತ್ತರ ನೀವು ಸೇರುವ ರೂಮೇ ಆಗಿದ್ದರೆ, ಸಂಬಳ ಸ್ವಲ್ಪ ಕಮ್ಮಿ ಆದರೂ ನಾನಾದರೆ ಸೇರುತ್ತೇನೆ.

ನಾನು ಮೂರು ವರ್ಷ ಆ ಕಿಟಕಿಯಲ್ಲಿದ್ದೆ, ಜೊತೆಗೆ ಸಂಜೆ ಕಾಲೇಜಿನಲ್ಲಿ ಎಂಬಿಎ ಮಾಡಿದೆ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ವೆಲ್‌ಫೇರ್ ಆಫೀಸರ್ (ಕಾರ್ಮಿಕರ ಯೋಗಕ್ಷೇಮ ನೋಡುವವರು) ಬೇಕೇ ಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತಲ್ಲ, ನಮ್ಮಲ್ಲಿ ಆ ಹುದ್ದೆಯಲ್ಲಿದ್ದ ಮೇಡಂಗೆ ಸಹಾಯಕಿಯಾಗಿ ಎರಡು ವರ್ಷ ಇದ್ದೆ. 2019ರಲ್ಲಿ ದಾಬಸ್‌ಪೇಟೆಯ ಒಂದು ಬಿಡಿಭಾಗ ತಯಾರಿಸುವ ಕಂಪನಿಯ ಎಚ್‌ಆರ್ ಕೆಲಸಕ್ಕೆ ಇಂಟರ್‌ವ್ಯೂ. ಎಂಬಿಎಯಲ್ಲಿ ಓದಿದ್ದು ಒಂದನ್ನೂ ಕೇಳಲಿಲ್ಲ. "ನಾಲ್ಕು ವರ್ಷ ಹತ್ತು ತಿಂಗಳು ಕೆಲಸ ಮಾಡಿ ಬಿಟ್ಟವನು ಗ್ರಾಚ್ಯುಟಿ ಕೇಳಿದರೆ ಏನು ಮಾಡ್ತೀರಾ?" ಅಂದರು. ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು. ಐದು ವರ್ಷ ಆಗಿಲ್ಲ, ಕೊಡಲ್ಲ ಅನ್ನೋದು ಸುಲಭದ ಉತ್ತರ. ನಾನು ಹೇಳಿದೆ: "ಮೊದಲು ಹಾಜರಿ ತೆಗೆಸಿ ನೋಡ್ತೀನಿ ಸರ್. ಐದನೇ ವರ್ಷದಲ್ಲಿ 240 ದಿನ ತುಂಬಿದ್ರೆ ಸಿಗಬೇಕು ಅಂತ ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು. ಮಿಸ್ ಪಂಚ್ ಚೀಟಿನೂ ನೋಡ್ತೀನಿ." ಕೊನೆ ಮಾತಿಗೆ ಅವರು ನಕ್ಕರು. ಕೆಲಸ ಸಿಕ್ಕಿತು.

ಹೋದ ತಿಂಗಳು ನಮ್ಮ ಟೈಮ್ ಆಫೀಸಿಗೆ ಒಬ್ಬರು ಬೇಕು ಅಂತ ನಾನೇ ಇಂಟರ್‌ವ್ಯೂ ಮಾಡಿದೆ. ಸಿರಾ ಕಡೆಯ ಹುಡುಗ, ಬಿ.ಕಾಂ., ಚುರುಕಾಗಿದ್ದ. ಎಲ್ಲಾ ಮುಗಿದ ಮೇಲೆ "ಮೇಡಂ, ಡೆಸಿಗ್ನೇಷನ್ ಏನು ಹಾಕ್ತೀರಾ?" ಅಂತ ಕೇಳಿದ. ಟೈಮ್ ಆಫೀಸ್ ಅಸಿಸ್ಟೆಂಟ್ ಅಂದೆ. ಮನೆಯಲ್ಲಿ ಕೇಳಿ ಹೇಳ್ತೀನಿ ಅಂತ ಹೋದ. ಇನ್ನೂ ಫೋನ್ ಬಂದಿಲ್ಲ.