ಎಳೆಯುವ ಮುನ್ನ ಹಿಂದಕ್ಕೆ ತಳ್ಳಿ: ಕಷ್ಟದ ಹೆರಿಗೆಯಲ್ಲಿ ಮೇಕೆಗೆ ನೆರವಾಗುವ ಬಗೆ

ಮರಿಯ ಒಂದು ಕಾಲು ಹೊರಗೆ ಕಂಡ ಕೂಡಲೇ ಇಬ್ಬರು ಸೇರಿ ಅದನ್ನು ಹಿಡಿದು ಜಗ್ಗುವುದನ್ನು ನಾನು ಹಲವು ಸಲ ನೋಡಿದ್ದೇನೆ. ಕಾಲು ಬರುತ್ತದೆ, ಮರಿ ಬರುವುದಿಲ್ಲ. ತಲೆ ಒಳಗೆ ಪಕ್ಕಕ್ಕೆ ಹೊರಳಿಕೊಂಡಿದ್ದರೆ ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಗರ್ಭಕೋಶ ಹರಿದರೆ ತಾಯಿಯೂ ಉಳಿಯುವುದಿಲ್ಲ. ಒಳಗೆ ಏನು ಹೇಗಿದೆ ಎಂದು ಬೆರಳಿನಿಂದ ತಿಳಿದುಕೊಳ್ಳಲು ಐದು ನಿಮಿಷ ಕೊಟ್ಟಿದ್ದರೆ ಅಂಥ ಎಷ್ಟೋ ಮರಿಗಳು ಬದುಕುತ್ತಿದ್ದವು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಮೊದಲೇ ಸಿದ್ಧವಾಗಿರಿ

ಮೇಕೆಯ ಗಬ್ಬ ಸುಮಾರು 150 ದಿನ. ಹೋತಕ್ಕೆ ಬಿಟ್ಟ ದಿನವನ್ನು ಬರೆದಿಟ್ಟುಕೊಂಡು, 145ನೇ ದಿನದಿಂದ ಒಣಹುಲ್ಲು ಹಾಸಿದ ಬೇರೆ ಜಾಗದಲ್ಲಿ ಕಟ್ಟದೆ ಬಿಡಿ. ತೆಳು ಕೈಗವಸು, ಪಶುವೈದ್ಯರು ಬಳಸುವ ಜಾರುವ ಜೆಲ್, ಮೃದುವಾದ ಸೋಪು, ಕುದಿಸಿಟ್ಟ ಮೂರು ಹತ್ತಿ ದಾರ, ಒಣ ಬಟ್ಟೆ, ಟಿಂಚರ್ ಅಯೋಡಿನ್, ಟಾರ್ಚ್ ಒಂದೇ ಕಡೆ ಇರಲಿ. ವೈದ್ಯರ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಜೆಲ್ ಬದಲು ಪಾತ್ರೆ ತೊಳೆಯುವ ದ್ರವ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಅದು ಒಳಗಿನ ಸಹಜ ಲೋಳೆಯನ್ನು ತೊಳೆದುಹಾಕಿ ಉರಿ ತರಿಸುತ್ತದೆ. ದಪ್ಪ ರಬ್ಬರ್ ಗವಸು ಹಾಕಿದರೆ ಗೊರಸು ಯಾವುದು ಮೂಗು ಯಾವುದು ಗೊತ್ತಾಗುವುದಿಲ್ಲ. ನೈಲಾನ್ ದಾರ ಮರಿಯ ಕಾಲನ್ನು ಕೊಯ್ಯುತ್ತದೆ.

ಹಂತ 2: ಗಡಿಯಾರ ನೋಡುತ್ತಾ ಕಾಯಿರಿ

ನೆಲ ಕೆರೆಯುವುದು, ಎದ್ದು ಕೂರುವುದು, ಸಣ್ಣಗೆ ಅರಚುವುದು ಗಂಟೆಗಟ್ಟಲೆ ನಡೆಯಬಹುದು, ಮುಟ್ಟಬೇಡಿ. ಜೋರಾಗಿ ತಿಣುಕಲು ಶುರುವಾಗಿ 30 ನಿಮಿಷವಾದರೂ ಏನೂ ಮುಂದುವರಿಯದಿದ್ದರೆ ಕೈ ಹಾಕಿ ನೋಡಬೇಕು. ಒಂದೇ ಕಾಲು, ಬರೀ ತಲೆ ಅಥವಾ ಬರೀ ಬಾಲ ಕಂಡರೆ ಅಷ್ಟೂ ಕಾಯಬೇಡಿ.

ಈ ಹೊತ್ತಿನಲ್ಲಿ ಯಾರಾದರೂ ಗರ್ಭಕೋಶ ಜೋರಾಗಿ ಹಿಂಡುವಂತೆ ಮಾಡುವ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟುಬಿಡಿ ಎನ್ನುತ್ತಾರೆ. ಮರಿ ಅಡ್ಡವಾಗಿದ್ದಾಗ ಅಥವಾ ಗರ್ಭಕೊರಳು (ಗರ್ಭಕೋಶದ ಬಾಯಿ) ತೆರೆಯದಿದ್ದಾಗ ಅದನ್ನು ಕೊಟ್ಟರೆ ಮುಚ್ಚಿದ ಬಾಗಿಲಿಗೆ ಗರ್ಭಕೋಶವೇ ಮರಿಯನ್ನು ಒತ್ತುತ್ತದೆ, ಹರಿದುಹೋಗಬಹುದು. ವೈದ್ಯರು ಪರೀಕ್ಷಿಸದೆ ಅದು ನಿಮ್ಮ ಕೊಟ್ಟಿಗೆಗೆ ಬರಲೇಬಾರದು.

ಹಂತ 3: ಒಳಗೆ ಏನಿದೆ ತಿಳಿಯಿರಿ, ಸರಿಪಡಿಸಿ

ಉಗುರು ಕತ್ತರಿಸಿ, ಉಂಗುರ ಬಳೆ ತೆಗೆದು, ಮೊಣಕೈವರೆಗೆ ತೊಳೆಯಿರಿ. ಮೇಕೆಯ ಹಿಂಭಾಗವನ್ನೂ ತೊಳೆಯಿರಿ. ಮನೆಯಲ್ಲಿ ಎಲ್ಲರಿಗಿಂತ ಸಣ್ಣ ಕೈ ಯಾರದೋ ಅವರೇ ಈ ಕೆಲಸಕ್ಕೆ ಕೂರಲಿ. ಇದರಲ್ಲಿ ಅನುಭವಕ್ಕಿಂತಲೂ ಕೈಯ ಗಾತ್ರಕ್ಕೆ ನಾನು ಬೆಲೆ ಕೊಡುತ್ತೇನೆ. ಆದರೆ ಗರ್ಭಿಣಿಯರು ಹತ್ತಿರವೂ ಬರಬಾರದು. ಬ್ರೂಸೆಲ್ಲಾ, ಕ್ಯೂ ಜ್ವರ, ಟಾಕ್ಸೊಪ್ಲಾಸ್ಮಾ ರೋಗಾಣುಗಳು ಹೆರಿಗೆಯ ನೀರು ಮತ್ತು ಮಾಸಿನಿಂದ ಮನುಷ್ಯರಿಗೆ ಹರಡುತ್ತವೆ.

ಇನ್ನೊಬ್ಬರು ಮೇಕೆಯ ತಲೆ ಹಿಡಿದು ಸಮಾಧಾನ ಮಾಡುತ್ತಿರಲಿ. ಹಿಂಭಾಗ ಸ್ವಲ್ಪ ಎತ್ತರದಲ್ಲಿದ್ದರೆ ಒಳಗೆ ಜಾಗ ಸಿಗುತ್ತದೆ. ಐದು ಬೆರಳನ್ನೂ ಮೊಗ್ಗಿನಂತೆ ಕೂಡಿಸಿ, ಜೆಲ್ ಧಾರಾಳವಾಗಿ ಹಚ್ಚಿ, ನಿಧಾನವಾಗಿ ಒಳಗೆ ಬಿಡಿ. ಮೇಕೆ ತಿಣುಕುವಾಗ ಕೈ ಇದ್ದಲ್ಲೇ ಇರಲಿ. ತಿಣುಕು ನಿಂತಾಗ ಮಾತ್ರ ಮುಂದಕ್ಕೆ. ಎರಡು ಬೆರಳು ಮಾತ್ರ ಹೋಗುವ ಬಿಗಿ ಬಳೆಯಂಥದ್ದು ತಗುಲಿದರೆ ಗರ್ಭಕೊರಳು ತೆರೆದಿಲ್ಲ ಎಂದರ್ಥ. ಬಲವಂತ ಮಾಡದೆ ವೈದ್ಯರನ್ನು ಕರೆಯಿರಿ. ಅದಕ್ಕೆ ಸಿಸೇರಿಯನ್ನೇ ಬೇಕಾಗಬಹುದು.

ಸಹಜ ಭಂಗಿಯಲ್ಲಿ ಎರಡು ಮುಂಗಾಲು ಮುಂದೆ, ಅವುಗಳ ಮೇಲೆ ಮೂಗು. ಕೈಗೆ ಸಿಕ್ಕ ಕಾಲು ಮುಂದಿನದೋ ಹಿಂದಿನದೋ ತಿಳಿಯಲು ಗೊರಸಿನಿಂದ ಮೇಲಕ್ಕೆ ಎರಡು ಕೀಲು ಹುಡುಕಿ. ಎರಡೂ ಒಂದೇ ಕಡೆಗೆ ಮಡಚಿದರೆ ಮುಂಗಾಲು, ಒಂದಕ್ಕೊಂದು ಎದುರಾಗಿ ಮಡಚಿದರೆ ಹಿಂಗಾಲು. ಇದನ್ನು ದೊಡ್ಡ ಮರಿಯೊಂದರ ಕಾಲು ಹಿಡಿದು ಕಣ್ಣು ಮುಚ್ಚಿ ಇವತ್ತೇ ಅಭ್ಯಾಸ ಮಾಡಿ. ಕತ್ತಲ ಕೊಟ್ಟಿಗೆಯಲ್ಲಿ ಕಲಿಯಲಾಗದು.

ಒಂದು ಮುಂಗಾಲು ಹಿಂದೆ ಮಡಚಿಕೊಂಡಿದ್ದರೆ ತಿಣುಕಿನ ನಡುವೆ ಮರಿಯ ಎದೆಯನ್ನು ಮೆಲ್ಲಗೆ ಒಳಗೆ ತಳ್ಳಿ. ಭುಜದಿಂದ ಕೆಳಗೆ ಬೆರಳು ಜಾರಿಸುತ್ತಾ ಮೊಣಕಾಲು ಹಿಡಿಯಿರಿ, ಮುಂದಕ್ಕೆ ತನ್ನಿ. ಆಮೇಲೆ ಗೊರಸನ್ನು ಅಂಗೈಯೊಳಗೆ ಮುಚ್ಚಿಕೊಂಡೇ ಬಿಡಿಸಿ. ಗೊರಸು ಬರಿದೇ ಇದ್ದರೆ ಗರ್ಭಕೋಶದ ಗೋಡೆಯನ್ನು ಗೀರಿಬಿಡುತ್ತದೆ.

ಎರಡೂ ಕಾಲು ಇದ್ದು ತಲೆ ಕೈಗೆ ಸಿಗದಿರುವುದೇ ಎಲ್ಲಕ್ಕಿಂತ ಕಷ್ಟ. ಕಾಲುಗಳು ಕಳೆದುಹೋಗದಂತೆ ಒಂದೊಂದಕ್ಕೂ ದಾರದ ಸಡಿಲ ಕುಣಿಕೆ ಹಾಕಿ, ತುದಿಯನ್ನು ಹೊರಗೆ ಬಿಟ್ಟಿರಿ, ಎಳೆಯಬೇಡಿ. ಮರಿಯನ್ನು ಒಳಗೆ ತಳ್ಳಿ ಕುತ್ತಿಗೆಯ ಜಾಡು ಹಿಡಿದು ಹೋಗಿ. ಕಿವಿ, ಕೆನ್ನೆ, ಆಮೇಲೆ ಮೂತಿ ಸಿಗುತ್ತದೆ. ಹಲ್ಲು ಒಳಗೆ ಗೀರದಂತೆ ಮೂತಿಯನ್ನು ಅಂಗೈಯಲ್ಲಿ ಮುಚ್ಚಿ ದಾರಿಯ ಕಡೆಗೆ ತಿರುಗಿಸಿ. ಮತ್ತೆ ಮತ್ತೆ ಜಾರಿದರೆ ಎರಡೂ ಕಿವಿಗಳ ಹಿಂದಿನಿಂದ ಬಾಯೊಳಗೆ ಬರುವಂತೆ ಕುಣಿಕೆ ಹಾಕಿ ತಲೆಯನ್ನು ನೇರ ಇಡಬಹುದು. ಬರೀ ಕುತ್ತಿಗೆಗೆ ಅಥವಾ ಕೆಳದವಡೆಗೆ ಹಾಕಿದರೆ ಮರಿ ಸಾಯುತ್ತದೆ ಇಲ್ಲವೇ ದವಡೆ ಮುರಿಯುತ್ತದೆ.

ಮೇಕೆಗೆ ಅವಳಿ ಸಾಮಾನ್ಯ. ಕೈಗೆ ಸಿಕ್ಕ ಎರಡು ಕಾಲು ಎರಡು ಮರಿಗಳದ್ದಾಗಿರಬಹುದು. ಪ್ರತಿ ಕಾಲನ್ನೂ ಎದೆಯವರೆಗೆ ಸವರಿಕೊಂಡು ಹೋಗಿ, ಅಲ್ಲಿಂದ ತಲೆಯವರೆಗೆ. ಮೂರೂ ಒಂದೇ ಮರಿಯವು ಎಂದು ಖಾತ್ರಿಯಾಗುವವರೆಗೆ ಎಳೆಯುವ ಮಾತೇ ಇಲ್ಲ.

ಬರೀ ಬಾಲ ತಗುಲಿದರೆ ಮರಿಯ ಪೃಷ್ಠವನ್ನು ಒಳಗೆ, ಮೇಲಕ್ಕೆ ತಳ್ಳಿ. ಹಿಂಗಾಲಿನ ಕೀಲನ್ನು ಪೂರ್ತಿ ಮಡಚಿ, ಗೊರಸು ಮುಚ್ಚಿಕೊಂಡು ಒಂದೊಂದಾಗಿ ಹೊರಗೆ ತನ್ನಿ. ಎರಡೂ ಹಿಂಗಾಲು ಮುಂದಾಗಿ ಬರುವ ಮರಿಯನ್ನು ತಿರುಗಿಸಲು ಹೋಗಬೇಡಿ, ಹಾಗೆಯೇ ಹುಟ್ಟಬಲ್ಲದು. ಸೊಂಟ ಹೊರಬಂದ ಮೇಲೆ ಮಾತ್ರ ತಡ ಮಾಡಬಾರದು. ಹೊಕ್ಕುಳಬಳ್ಳಿ ಒತ್ತಿಕೊಂಡು, ತಲೆ ಇನ್ನೂ ನೀರಿನಲ್ಲಿರುವಾಗಲೇ ಮರಿ ಉಸಿರೆಳೆಯಲು ನೋಡುತ್ತದೆ.

ಇಪ್ಪತ್ತು ನಿಮಿಷ ಪ್ರಯತ್ನಿಸಿಯೂ ಬದಲಾವಣೆ ಕಾಣದಿದ್ದರೆ ನಿಲ್ಲಿಸಿ. ಅಷ್ಟರೊಳಗೆ ವೈದ್ಯರಿಗೆ ಫೋನ್ ಹೋಗಿರಬೇಕು.

ಹಂತ 4: ಈಗ ಎಳೆಯಿರಿ

ತಿಣುಕಿದಾಗ ಎಳೆಯಿರಿ, ನಿಂತಾಗ ನಿಲ್ಲಿ. ನೇರವಾಗಿ ಹಿಂದಕ್ಕಲ್ಲ, ಮೇಕೆಯ ಹಿಂಗಾಲಿನ ಕಡೆಗೆ ಬಾಗಿಸಿ ಕೆಳಮುಖವಾಗಿ. ಒಂದು ಕಾಲನ್ನು ಇನ್ನೊಂದಕ್ಕಿಂತ ಚೂರು ಮುಂದೆ ತಂದರೆ ಭುಜಗಳು ಸಲೀಸಾಗಿ ದಾಟುತ್ತವೆ.

ಹಂತ 5: ಮರಿ

ಮೂಗು ಬಾಯಿಯ ಲೋಳೆ ತೆಗೆದು, ತಲೆ ತಗ್ಗಿನಲ್ಲಿರುವಂತೆ ಮಲಗಿಸಿ, ಒಣ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಉಸಿರಾಡದಿದ್ದರೆ ಹುಲ್ಲುಕಡ್ಡಿಯಿಂದ ಮೂಗಿನೊಳಗೆ ಕೆಣಕಿ. ಹಿಂಗಾಲು ಹಿಡಿದು ಗಿರಗಿರ ತಿರುಗಿಸುವುದನ್ನು ನಾನು ಒಪ್ಪುವುದಿಲ್ಲ. ಕೈ ಜಾರಿದರೆ ಉಳಿದ ಮರಿಯೂ ಹೋಗುತ್ತದೆ. ಹೊಕ್ಕುಳನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ.

ಮೊದಲ ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆಗೆ ಬೀಳಬೇಕು. ಕೈಯಿಂದ ಕುಡಿಸುವುದಾದರೆ ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 50 ಮಿಲಿ. ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಮೊದಲು ಮೈ ಬೆಚ್ಚಗೆ ಮಾಡಿ. ಚೀಪಲಾಗದ ಮರಿಗೆ ಹಾಲು ಹುಯ್ದರೆ ಶ್ವಾಸಕೋಶಕ್ಕಿಳಿಯುತ್ತದೆ.

ಹಂತ 6: ತಾಯಿ

ಕೆಚ್ಚಲಿನ ಮುಂದೆ ಹೊಟ್ಟೆಯಡಿ ಎರಡೂ ಕೈ ಕೊಟ್ಟು ಎತ್ತಿ ನೋಡಿ. ಗಟ್ಟಿ ಉಂಡೆ ತಗುಲಿದರೆ ಇನ್ನೊಂದು ಮರಿಯಿದೆ. ಬೆಚ್ಚಗಿನ ನೀರು ಕೊಡಿ. ಮಾಸು ತಾನಾಗಿ ಬೀಳಲಿ. ನೇತಾಡುತ್ತಿದ್ದರೆ ಎಳೆಯಬೇಡಿ, ಭಾರ ಕಟ್ಟಬೇಡಿ. 12 ಗಂಟೆಯಾದರೂ ಬೀಳದಿದ್ದರೆ ವೈದ್ಯರಿಗೆ ತಿಳಿಸಿ. ಬಿದ್ದದ್ದನ್ನು ಗವಸು ಹಾಕಿಯೇ ಎತ್ತಿ, ನಾಯಿಗೆ ಸಿಗದಷ್ಟು ಆಳಕ್ಕೆ ಹೂಳಿ. ಒಳಗೆ ಕೈ ಹಾಕಿದ ಮೇಲೆ ಸೋಂಕು ತಗುಲುವ ಸಾಧ್ಯತೆ ಹೆಚ್ಚು, ಆದ್ದರಿಂದ ಮೇಕೆ ಚುರುಕಾಗಿ ಕಂಡರೂ ಆಂಟಿಬಯೋಟಿಕ್ ಬೇಕೇ ಎಂದು ಅಂದೇ ವೈದ್ಯರನ್ನು ಕೇಳಿ. ಮುಂದಿನ ಕೆಲವು ದಿನ ದುರ್ವಾಸನೆಯ ಸ್ರಾವ, ಜ್ವರ, ಮೇವು ಮುಟ್ಟದಿರುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಕರೆಯಿರಿ.