ಬೋಳು ಮರಗಳ ಕೆಳಗಿನ ಹೂಗಳು: ಬೀಜದಿಂದ ಬೆಳೆಸಿದ ನನ್ನ ಅನುಭವ

ವಸಂತದ ಆರಂಭದಲ್ಲಿ, ಮರಗಳು ಇನ್ನೂ ಬೋಳಾಗಿರುವಾಗಲೇ ನೆಲದಿಂದೆದ್ದು ಹೂಬಿಟ್ಟು, ಬೀಜ ಕಟ್ಟಿ, ಸಾಮಾನ್ಯವಾಗಿ ಬೇಸಿಗೆ ಕಳೆಯುವಷ್ಟರಲ್ಲಿ ಕಣ್ಮರೆಯಾಗುವ ಕಾಡುಗಿಡಗಳನ್ನು ನಾನು ಹಲವು ವರ್ಷಗಳಿಂದ ಮೇಪಲ್ ಮರಗಳ ಅಡಿಯಲ್ಲಿ ಬೆಳೆಸುತ್ತಿದ್ದೇನೆ. ಬ್ಲಡ್‌ರೂಟ್, ವರ್ಜೀನಿಯಾ ಬ್ಲೂಬೆಲ್, ಟ್ರೌಟ್ ಲಿಲಿ ಮತ್ತು ಬಿಳಿ ಟ್ರಿಲಿಯಂ, ಈ ನಾಲ್ಕೂ ಉತ್ತರ ಅಮೆರಿಕದ ಪೂರ್ವಭಾಗದ ಎಲೆ ಉದುರುವ ಕಾಡುಗಳವು. ಮೇಲೆ ಎಲೆಗಳ ಚಪ್ಪರ ಮುಚ್ಚಿಕೊಳ್ಳುವ ಮುನ್ನ ದೊರೆಯುವ ಬಿಸಿಲಿನಲ್ಲಿಯೇ ಇವು ವರ್ಷದ ಆಹಾರದ ಬಹುಪಾಲನ್ನು ತಯಾರಿಸಿ ನೆಲದಡಿಯಲ್ಲಿ ಕೂಡಿಟ್ಟುಕೊಳ್ಳುತ್ತವೆ.

ಮೊದಲ ವರ್ಷ ನಾನು ಮಾಡಿದ್ದು ತರಕಾರಿ ಬೆಳೆಯುವವರ ತಪ್ಪು. ಪರಿಚಿತರ ತೋಟದಿಂದ ತಂದ ಬ್ಲಡ್‌ರೂಟ್ ಬೀಜಗಳನ್ನು ಚೆನ್ನಾಗಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿಟ್ಟು, ಮರುವಸಂತದಲ್ಲಿ ಬಿತ್ತಿದೆ, ಒಂದೂ ಮೊಳೆಯಲಿಲ್ಲ. ಈ ಬೀಜಗಳು ಒಣಗುವುದನ್ನು ಸಹಿಸುವುದಿಲ್ಲ, ಬಲಿತ ಕೂಡಲೇ ಒದ್ದೆ ಮಣ್ಣನ್ನು ಸೇರಬೇಕು.

ಹಾಗಾಗಿ ಮರುವರ್ಷ ಕಾಯಿಗಳ ಕಾವಲಿಗೇ ಕುಳಿತೆ. ಬ್ಲಡ್‌ರೂಟ್‌ನ ಕಾಯಿ ಎರಡೂ ತುದಿ ಚೂಪಾಗಿ, ಎಲೆಯ ಮರೆಯಲ್ಲಿ ನೆಟ್ಟಗೆ ನಿಂತಿರುತ್ತದೆ, ಮತ್ತು ಹೊರಗಿನಿಂದ ಹಸಿರಾಗಿ ಕಂಡರೂ ಒಳಗೆ ಬಲಿತಿರಬಹುದು. ಒಂದನ್ನು ಉಗುರಿನಿಂದ ಸೀಳಿ ನೋಡುತ್ತೇನೆ: ಬೀಜ ಬೆಳ್ಳಗಿದ್ದರೆ ಉಳಿದವನ್ನು ಮುಟ್ಟುವುದಿಲ್ಲ, ಹೊಳೆಯುವ ಕಂದು ಬಣ್ಣಕ್ಕೆ ತಿರುಗಿದ್ದರೆ ಅಂದೇ ಬಿಡಿಸುತ್ತೇನೆ. ಪ್ರತಿ ಬೀಜದ ಒಂದು ಪಕ್ಕದಲ್ಲಿ ಬಿಳಿಯ, ಮೆತ್ತನೆಯ, ಮಡಿಕೆ ಮಡಿಕೆಯಾದ ಒಂದು ಪಟ್ಟಿ ಅಂಟಿರುತ್ತದೆ. ಕೊಬ್ಬಿನಂಶವಿರುವ ಈ ಎಲಯೋಸೋಮ್‌ಗಾಗಿಯೇ ಇರುವೆಗಳು ಬೀಜವನ್ನು ಗೂಡಿಗೆ ಹೊತ್ತೊಯ್ದು, ಅದನ್ನು ತಿಂದು, ಬೀಜವನ್ನು ಬಿಟ್ಟುಬಿಡುತ್ತವೆ. ಒಂದು ಮಧ್ಯಾಹ್ನ ನಾನು ತಟ್ಟೆಯನ್ನು ನೆಲದ ಮೇಲಿಟ್ಟು ನೀರು ತರಲು ಹೋಗಿ ಬರುವಷ್ಟರಲ್ಲಿ ಬೀಜಗಳ ಮೆರವಣಿಗೆ ಹೊರಟಾಗಿತ್ತು. ಅಂದಿನಿಂದ, ಕಾಯಿ ಬಿರಿಯುವ ಮುನ್ನವೇ ಅದಕ್ಕೆ ತೆಳುಬಟ್ಟೆಯ ಚೀಲ ಕಟ್ಟುತ್ತೇನೆ.

ಬಿತ್ತನೆ ಸರಳ. ಬೆರಳಿನ ಅರ್ಧ ಗೆಣ್ಣಿನಷ್ಟು ಆಳದಲ್ಲಿ ಬೀಜವಿಟ್ಟು, ಕೊಳೆತ ಎಲೆಗೊಬ್ಬರ ಹರಡಿ, ಬೇಸಿಗೆಯುದ್ದಕ್ಕೂ ತೇವ ಕಾಯುತ್ತೇನೆ. ಬ್ಲಡ್‌ರೂಟ್ ಹೆಚ್ಚಾಗಿ ಮುಂದಿನ ವಸಂತದಲ್ಲೇ ಎಲೆ ತೋರಿತು. ಟ್ರಿಲಿಯಂನದು ಬೇರೆಯೇ ಲೆಕ್ಕ: ಮೊದಲ ಚಳಿಗಾಲ ಕಳೆದ ಮೇಲೆ ಬೇರು ಮಾತ್ರ ಹೊರಡುತ್ತದೆ, ಎಲೆ ಕಾಣಲು ಎರಡನೆಯ ಚಳಿಗಾಲವೂ ಕಳೆಯಬೇಕು, ಹೂವಿಗೆ ಏಳು ವರ್ಷವೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಏನೂ ಹುಟ್ಟಲಿಲ್ಲವೆಂದು ಒಂದು ಕುಂಡದ ಮಣ್ಣನ್ನು ಸುರಿದುಬಿಟ್ಟಾಗ ಅದರೊಳಗೆ ಬಿಳಿಯ ಎಳೆಬೇರುಗಳು ಕಂಡವು. ಆ ದಿನದ ಬೇಸರ ಇನ್ನೂ ಹೋಗಿಲ್ಲ.

ಬ್ಲೂಬೆಲ್‌ಗಳ ಎಲೆ ಬೇಸಿಗೆಯ ಆರಂಭದಲ್ಲಿ ಹಳದಿಯಾಗಿ ಬಿದ್ದುಹೋಗುತ್ತದೆ. ನೋಡಲು ಚೆನ್ನಾಗಿಲ್ಲವೆಂದು ಅದನ್ನು ಕತ್ತರಿಸಬಾರದು, ಏಕೆಂದರೆ ಮುಂದಿನ ವರ್ಷದ ಹೂವಿಗೆ ಬೇಕಾದ ಸಂಗ್ರಹ ಆಗಲೇ ಬೇರಿಗಿಳಿಯುತ್ತಿರುತ್ತದೆ. ಖಾಲಿ ಜಾಗವೆಂದುಕೊಂಡು ಅಲ್ಲಿ ಜರೀಗಿಡ ನೆಡಲು ಹೋಗಿ, ದಪ್ಪನೆಯ ಬೇರುಗಳನ್ನು ಸನಿಕೆಯಿಂದ ತುಂಡರಿಸಿದ ಮೇಲೆ, ಪ್ರತಿ ಗುಂಪಿನ ಸುತ್ತಲೂ ಚಿಕ್ಕ ಕಲ್ಲುಗಳನ್ನಿಟ್ಟಿದ್ದೇನೆ. ತರಗೆಲೆಯನ್ನು ಗುಡಿಸುವುದನ್ನೂ ನಿಲ್ಲಿಸಿದೆ.

ಟ್ರೌಟ್ ಲಿಲಿಯ ವಿಷಯದಲ್ಲಿ ಮಾತ್ರ ಹೇಳಿಕೊಳ್ಳುವಂಥದ್ದೇನೂ ಆಗಿಲ್ಲ. ಅದರ ಎಳೆಯ ಗಿಡ ವರ್ಷಗಟ್ಟಲೆ ಒಂಟಿ ಎಲೆಯಲ್ಲೇ ಇರುತ್ತದೆ, ಎರಡೆಲೆ ಬಂದ ಗಿಡವಷ್ಟೇ ಹೂಬಿಡುತ್ತದೆ. ನನ್ನಲ್ಲಿರುವ ಅಷ್ಟೂ ಚುಕ್ಕೆಯೆಲೆಗಳ ನಡುವೆ ಈ ವಸಂತದಲ್ಲಿ ಎರಡೆಲೆ ತೋರಿದವು ಮೂರು.